ನನ್ನ ಹೆಸರಿನ ಅಂಗಡಿ

ಶುಕ್ರವಾರ, ಮಧ್ಯಾಹ್ನ ಊಟದ ಬಿಡುವು

ನನ್ನ ಗುಬ್ಬಿಗೆ,

ಅಮ್ಮ ಬರೆಯುವುದು. ನಿನ್ನೆ ಕೆಟ್ಟ ಕನಸು ಬಿತ್ತು. ಹೋಟೆಲ್ಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಚಾದರ ಮಡಚುತ್ತಿದ್ದೇನೆ, ಎಷ್ಟು ಮಡಚಿದರೂ ಮುಗಿಯುತ್ತಿಲ್ಲ. ನಿನ್ನ ಕಾಲೇಜಿನವರು ಬಾಗಿಲಲ್ಲಿ ನಿಂತು, ಇದೆಲ್ಲ ಯಾರ ಆಸ್ತಿ ಎಂದು ಕೇಳುತ್ತಿದ್ದಾರೆ. ಎದ್ದವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ?

ಸಹಾಯಧನದ ಅರ್ಜಿ ವಾಪಸ್ ಬಂತೆಂದು ಬರೆದಿದ್ದೆಯಲ್ಲ. ಆಸ್ತಿ ಇಲ್ಲ ಎಂದು ನಾವು ಬರೆದಿದ್ದೆವು, ಆದರೆ ಕಾಲೇಜಿನವರಿಗೆ ನನ್ನ ಹೆಸರಿನಲ್ಲಿ ಒಂದು ಅಂಗಡಿ ಸಿಕ್ಕಿದೆ. ಅಂಗಡಿ ಪತ್ರದ ನಕಲನ್ನೂ ಕಳಿಸಿದ್ದೀಯ. ನನ್ನ ಹತ್ತಿರವೂ ಮುಚ್ಚಿಟ್ಟೆಯಾ ಅಮ್ಮ, ಎಂದು ಕೇಳಿದ್ದೀಯ. ಆ ಸಾಲು ಓದಲಾಗದೆ ಕಾಗದ ಎತ್ತಿಟ್ಟೆ, ಮತ್ತೆ ತೆಗೆದೆ.

ಆ ಅಂಗಡಿ ನಿನ್ನ ಮಾವನದು, ನನ್ನ ಅಣ್ಣನದು. ನಿನ್ನ ಅಪ್ಪ ತೀರಿಕೊಂಡ ವರ್ಷ, ತೆರಿಗೆಯವರ ಕಣ್ಣಿಗೆ ಬೀಳಬಾರದೆಂದು ಅದನ್ನು ನನ್ನ ಹೆಸರಿಗೆ ಮಾಡಿಸಿ, ನನ್ನಿಂದ ಸಹಿ ಹಾಕಿಸಿಕೊಂಡ. ಅರ್ಧಕ್ಕೇ ಶಾಲೆ ಬಿಟ್ಟವಳು ನಾನು, ತೋರಿಸಿದ ಕಡೆ ಹಾಕಿದೆ. ಬಾಡಿಗೆಯೆಲ್ಲ ಅವನ ಜೇಬಿಗೆ. ನೆಂಟರ ಮುಂದೆ ಮಾತ್ರ, ತಂಗಿ ಬೀದಿಗೆ ಬೀಳದಿರಲೆಂದು ಅಂಗಡಿಯನ್ನೇ ಬರೆದುಕೊಟ್ಟೆ ಎಂದು ಹೇಳಿಕೊಂಡು ತಿರುಗುತ್ತಾನೆ. ಅವರೋ ನನ್ನ ಹರಿದ ಚಪ್ಪಲಿ ನೋಡಿ, ಎಂಥ ಜಿಪುಣಿ ಇವಳು ಅಂದುಕೊಳ್ಳುತ್ತಾರೆ.

ಭಾನುವಾರ ಬಂದಿದ್ದ. ಮೆತ್ತಗಾದ ಕಿತ್ತಳೆ ತಂದು, ಒಳ್ಳೆಯವನ್ನು ಆರಿಸಿ ತಾನೇ ತಿಂದ. ಅಂಗಡಿ ತನ್ನದೆಂದು ಕಾಲೇಜಿಗೆ ಒಂದು ಕಾಗದ ಬರೆದುಕೊಡಲು ಅವನನ್ನು ಬೇಡಿಕೊಂಡೆ. ಒರೆಸಿದ ನೆಲದ ಮೇಲೆ ಬೀಜ ಉಗಿದ.

"ಬರ್ಕೊಟ್ಟು ನಾನು ಸಿಕ್ಕಾಕೊಳ್ಳಲೇನೇ?"

"ಹಾಗಾದ್ರೆ ನಂದೇ ಅಂತ ಬರೀಲಾ ಅಣ್ಣ?"

"ಹೆಸರಿದ್ದ ಮಾತ್ರಕ್ಕೆ ನಿಂದಾಗ್ಬಿಡತ್ತಾ? ಹುಡುಗೀನ ಎಲ್ಲಾದ್ರೂ ಕೆಲಸಕ್ಕೆ ಸೇರಿಸು. ಓದಿ ಯಾರನ್ನ ಉದ್ಧಾರ ಮಾಡ್ಬೇಕು."

ಯಾರ್ಯಾರದೋ ವಾಂತಿ ಹತ್ತಿದ ಚಾದರ ದಿನವೂ ಎತ್ತುವವಳು ನಾನು, ಮೂಗು ಮುಚ್ಚಿದವಳಲ್ಲ. ಅವನು ಹೋದ ಮೇಲೆ ಅವನು ಕೂತ ಕುರ್ಚಿಯನ್ನು ಸೋಪು ಹಾಕಿ ಉಜ್ಜಿದೆ. ಆದರೂ ಹೇಸಿಗೆ ಹೋಗಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಅಷ್ಟೆಲ್ಲ ಅನ್ನಿಸಿಕೊಂಡೂ ಅವನಿಗೆ ಟೀ ಕಾಯಿಸಿಕೊಟ್ಟೆನಲ್ಲ, ನನ್ನ ಮೇಲೂ ಅಸಹ್ಯ.

ನೀನು ಅಂಗಡಿ ನಮ್ಮದು ಎಂದೇ ಬರಿ. ಸಹಾಯಧನ ಸಿಗದಿದ್ದರೆ ಬೇಡ. ಶುಲ್ಕ ಕಟ್ಟದೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದೀಯ, ಕಟ್ಟುತ್ತೇನೆ. ಹೇಗೆ ಎಂದು ಕೇಳಬೇಡ. ಮಾವನ ಫೋನ್ ಬಂದರೆ ಎತ್ತಬೇಡ. ಪೊಲೀಸರು ಗಿಲೀಸರು ಬರುವುದಿಲ್ಲ ತಾನೆ?

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮತ್ತೊಂದು ಮಾತು: ಮೇಲೆ ಬರೆಯಲು ಹೆದರಿದ್ದೆ. ಬೆಳಿಗ್ಗೆ ಆ ಅಂಗಡಿಗೆ ಹೋಗಿದ್ದೆ. ಬಾಡಿಗೆಗಿರುವ ಕನ್ನಡಕ ಮಾರುವವರಿಗೆ ನಕಲು ತೋರಿಸಿದೆ. ಅವರು ನನ್ನ ಮುಖವನ್ನೂ ಹೆಸರನ್ನೂ ಮತ್ತೆ ಮತ್ತೆ ನೋಡಿ, ಈ ತಿಂಗಳ ಬಾಡಿಗೆ ನನ್ನ ಕೈಗೇ ಕೊಟ್ಟರು. ಇನ್ನು ಮುಂದೆಯೂ ನನಗೇ ಕೊಡಬೇಕೆಂದು ಹೇಳಿ ಬಂದಿದ್ದೇನೆ. ಹಣ ನಿನಗೆ ಕಳಿಸಿದ್ದೇನೆ. ಅರ್ಜಿಯಲ್ಲಿ ಬಾಡಿಗೆ ಆದಾಯದ ಮುಂದೆ 'ಇಲ್ಲ' ಎಂದು ಬರೆದಿದ್ದೆವಲ್ಲ, ಅದನ್ನೂ ಈಗ ತಿದ್ದಿಬಿಡು, ಕಳಿಸುವ ಮುಂಚೆ ಇನ್ನೊಂದು ಸಲ ನೋಡು.