ಕಾರಿಗೆ ಮೀಸಲು ನೀರು

ಭೀಮಗೊಂಡ,

ಏಳರ ಬಸ್ಸಿಗೆ ಕೊಲ್ಹಾಪುರಕ್ಕೆ ಹೊರಟಿದ್ದೇನೆ. ನಮ್ಮ ಕಾರು ಕೊಳ್ಳುವವರು ಗಡಹಿಂಗ್ಲಜದಿಂದ ಇಂದು ನಾಲ್ಕಕ್ಕೆ ಬರುತ್ತಾರೆಂದು ನಿನ್ನೆ ಊಟ ಬಡಿಸುವಾಗ ಮಾವನವರ ಬಾಯಿಂದ ಕೇಳಿದೆ. ನನ್ನನ್ನು ಯಾರೂ ಕೇಳಲಿಲ್ಲ.

ಕಾರು ತೊಳೆ. ಮೊನ್ನೆಯಂತೆ ಬಾವಿಯ ಸವಳು ನೀರು ಸುರಿದು ಬಿಸಿಲಿಗೆ ಬಿಡಬೇಡ. ಕಪ್ಪು ಬಣ್ಣದ ಮೇಲೆ ಆ ಬಿಳಿ ಕಲೆಗಳು ಇನ್ನೂ ಹೋಗಿಲ್ಲ. ನೆರಳಿಗೆ ತಳ್ಳಿಕೊಂಡು ತೊಳೆದು, ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ ನೀರಿನಲ್ಲಿ ಹಳೆಯ ಧೋತರದ ತುಂಡು ಅದ್ದಿ ಒರೆಸು. ನಿಮ್ಮಣ್ಣ ಹಾಗೆಯೇ ಮಾಡುತ್ತಿದ್ದರು.

ತೀರಿಕೊಳ್ಳುವ ಮುಂಚೆ ಅವರು ತಂದಿಟ್ಟ ಆ ನೀರಿನ ಕೊನೆಯ ಜಾಡಿ ಈಗ ದೇವರ ಕೋಣೆಯಲ್ಲಿದೆ. "ನನ್ನ ಮಗಾ ಯಾರಿಗೂ ಮುಟ್ಟಗೊಡತಿದ್ದಿಲ್ಲ, ಮೀಸಲ ನೀರ ಅದು" ಎಂದು ಅತ್ತೆ ಅದನ್ನು ಲಿಂಗಪೂಜೆಗೆ ಬಳಸುತ್ತಿದ್ದಾರೆ. ನಗಬೇಡ, ಜಗಳವನ್ನೂ ಆಡಬೇಡ. ಒಂದು ತಂಬಿಗೆ ಕೇಳಿ ತೆಗೆದುಕೋ. ಉಳಿದದ್ದು ಅವರಿಗಿರಲಿ.

ಬಂದವರಿಗೆ ಚಹಾ ಕೊಡು. ಕಾರಿನ ಕೀಲಿಕೈ ಹುಡುಕಬೇಡ, ನನ್ನ ಬಳಿ ಇದೆ. ಇಂದು ಕೊಲ್ಹಾಪುರದಲ್ಲಿ ನನ್ನ ಲೈಸನ್ಸಿನ ಪರೀಕ್ಷೆ. ಕಾರು ಮಾರುವುದಿಲ್ಲವೆಂದು ಮಾವನವರಿಗೆ ಸಂಜೆ ನಾನೇ ಹೇಳುತ್ತೇನೆ.

ಕಲೆ ಉಳಿಯದಂತೆ ಒರೆಸು. ನಾಳೆಯಿಂದ ಅದನ್ನು ಓಡಿಸುವವಳು ನಾನು.

ನಿನ್ನ ವೈನಿ