ಮನೆಗೆಲಸದವರೇ? ಹೌದು

ಕರ್ಟ್,

ಮೊದಲು ಇದನ್ನು ಓದು, ಕಾಫಿ ಆಮೇಲೆ. ನಾನು ಡ್ಯೂಟಿಗೆ ಹೊರಟೆ. ಮಕ್ಕಳನ್ನು ನೋಡಿಕೊಳ್ಳಲು ಅಮ್ಮ ಎಂಟಕ್ಕೆ ಬರುತ್ತಾಳೆ. ಒಂಬತ್ತಕ್ಕೆ ನೀನು ಕೆಲಸಕ್ಕೆ ಹೊರಡುವ ಮುಂಚೆ ಅವಳ ತೆರಿಗೆ ನಂಬರ್ ಬರೆಸಿಕೊಂಡಿರಬೇಕು. ಅದಿಲ್ಲದಿದ್ದರೆ ಅವಳಿಗೆ ಕೊಟ್ಟ ದುಡ್ಡಿಗೆ ನಮಗೆ ತೆರಿಗೆ ರಿಯಾಯಿತಿ ಇಲ್ಲ. ಲೆಕ್ಕ ಕೊಡಲು ನಾಳೆಯೇ ಕೊನೆ ದಿನ.

ನಿನ್ನೆ ತೆರಿಗೆ ಫಾರಂ ಅನ್ನು ಅವಳ ಕೈಗೇ ಕೊಟ್ಟೆಯಲ್ಲ, ಮಹಾನುಭಾವ, ‘ಮಗು ನೋಡಿಕೊಳ್ಳುವವರು ನಿಮ್ಮ ಮನೆಗೆಲಸದವರೇ?’ ಅಂತ ಅದರಲ್ಲಿ ಕೇಳಿದ್ದಕ್ಕೆ ‘ಹೌದು’ ಅಂತ ಟಿಕ್ ಹಾಕಿದ್ದೀಯ! ಅಮ್ಮ ಫೋನಿನಲ್ಲಿ ಒಂದು ಗಂಟೆ ಬೈದಳು: “ಮೂವತ್ತು ವರ್ಷ ಲೂಥರನ್ ಚರ್ಚಲ್ಲಿ ಆರ್ಗನ್ ನುಡಿಸ್ದೋಳು ಕಣೇ ನಾನು! ನಿನ್ ಗಂಡನ ಕಣ್ಣಿಗೆ ಕೆಲಸದೋಳ ಥರ ಕಾಣ್ತೀನಾ? ನಂಬರಂತೆ ನಂಬರು!”

ಹೊಸ ಫಾರಂ ಫ್ರಿಜ್ ಮೇಲಿದೆ. ‘ಇಲ್ಲ’ ಅನ್ನುವಲ್ಲಿ ನಾನೇ ಟಿಕ್ ಹಾಕಿದ್ದೇನೆ, ನೀನು ಪೆನ್ನು ಮುಟ್ಟಬೇಡ. ಗಡ್ಡ ಬೋಳಿಸಿಕೋ. ಅವಳು ಕಾರು ನಿಲ್ಲಿಸುವ ಕಡೆ ಹಿಮ ಎತ್ತಿಹಾಕು. ಅವಳು ಓವನ್ನಿನಲ್ಲಿ ಬೇಯಿಸಿ ತರುವ ಆಲೂಗಡ್ಡೆ ಹಾಟ್‌ಡಿಶ್ ಎರಡು ಸಲ ಹಾಕಿಸಿಕೊಂಡು ತಿನ್ನು. ಕ್ಷಮೆ ಕೇಳುವಾಗ ಮಾತ್ರ ನಗಬೇಡ. ನಿನಗೆ ನಗು ಬಂದೇ ಬರುತ್ತದೆ, ನನಗೂ ಬಂದಿತ್ತು.

ಓದಿದ ಮೇಲೆ ಹರಿದುಹಾಕು.

ಜೋಲೀನ್

(ಕೆಳಗೆ, ದಪ್ಪ ಪೆನ್ಸಿಲ್‌ನಲ್ಲಿ, ಬೇರೆ ಕೈಬರಹ)

ಅಳಿಯಂದಿರೇ, ಎಂಟಕ್ಕೇ ಬಂದಿದ್ದೆ. ತಾವು ಗೊರಕೆ ಹೊಡೆಯುತ್ತಿದ್ದಿರಿ. ನಂಬರ್ ಬರೆದಿದ್ದೇನೆ. ಟಿಕ್ಕನ್ನು ಮಾತ್ರ ಮತ್ತೆ ‘ಹೌದು’ ಅಂತಲೇ ತಿದ್ದಿದ್ದೇನೆ, ಯಾಕೆಂದರೆ ಕೆಲಸದವಳಿಗಾದರೆ ವಾರಕ್ಕೊಂದು ರಜೆ ಉಂಟು. ನನ್ನ ರಜೆ ಇವತ್ತು.

ಮಕ್ಕಳಿಬ್ಬರೂ ಬಚ್ಚಲಲ್ಲಿ ನಾಯಿಗೆ ನಿಮ್ಮ ಶೇವಿಂಗ್ ಕ್ರೀಮ್ ಹಚ್ಚುತ್ತಿದ್ದಾರೆ. ಉಳಿದರೆ ಗಡ್ಡ ಬೋಳಿಸಿಕೊಳ್ಳಿ.