ಮುಂಚೆಯೇ ಸಿಡಿದ ಬಾಣ

ಕೆಂಗೇರಿ
ಶ್ರಾವಣ ಮಾಸ, ೧೯೫೯

ಚಿರಂಜೀವಿ ಕಿಟ್ಟಿಗೆ, ನಿನ್ನ ಸೋದರಮಾವ ಮುನಿಯಪ್ಪ ಮಾಡುವ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ರೂಢಿ. ದನಕರು ಕ್ಷೇಮ, ರಾಗಿ ಪೈರು ಕ್ಷೇಮ, ನಾನೂ ನಿನ್ನ ಅತ್ತೆಯೂ ಕ್ಷೇಮ. ಕ್ಷೇಮವಿಲ್ಲದವಳು ನಿನ್ನ ಅಜ್ಜಿ. ನಿನ್ನ ತಾತ, ಅಂದರೆ ನಮ್ಮಪ್ಪ, ಯುಗಾದಿ ಕಳೆದ ಮೇಲೆ ತೀರಿಕೊಂಡದ್ದು ನಿನಗೆ ಗೊತ್ತು. ಆದರೆ ಅವನು ಇನ್ನೂ ಮನೆ ಬಿಟ್ಟು ಹೊರಟಿಲ್ಲ. ನಗಬೇಡ. ಮೊದಲಿನಿಂದ ಹೇಳುತ್ತೇನೆ, ಕೇಳು.

ರಾಜಾಜಿನಗರದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತಿನ ಮುಂದೆ ನಿಲ್ಲುತ್ತಿದ್ದವನು ನೀನು. ರಷ್ಯಾದವರು ಆಕಾಶಕ್ಕೆ ಚೆಂಡೊಂದನ್ನು ಬಿಟ್ಟರಂತೆ ಎಂದು ಪೇಪರಿನಲ್ಲಿ ಓದಿದೆ ನೋಡು, ಆಮೇಲೆ ನಿನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಬಂತೆಂದರೆ ಬಿದಿರುಕಡ್ಡಿಗೆ ಕಾಗದದ ಕೊಳವೆ ಕಟ್ಟಿದ ಬಾಣ ಹಿಡಿದು ಬತ್ತಿದ ಕೆರೆಯಂಗಳಕ್ಕೆ ಓಡುತ್ತಿದ್ದೆ. ಅವು ತೆಂಗಿನಮರದೆತ್ತರ ಹಾರಿ, ಸುಸ್ತಾಗಿ ಯಾರದೋ ಹೊಲಕ್ಕೆ ಬೀಳುತ್ತಿದ್ದವು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬಂದವನೇ, "ಅಜ್ಜಿ, ಹೊಸ ಥರದ ಮೋಟಾರು ತಂದಿದೀನಿ, ಇವತ್ತು ಪರೀಕ್ಷೆ" ಅಂದೆ. ಅವ್ವ ಬಾಗಿಲಾಚೆ ಇಣುಕಿ, "ಎಲ್ಲಿ ನಿಲ್ಸಿದೀಯ? ಎಷ್ಟು ಜನ ಹಿಡೀತಾರ್ಲಾ?" ಎಂದು ಕೇಳಿದಳು. ನೀನು ಚೀಲದಿಂದ ಬಾಣವನ್ನು ಮೇಲಕ್ಕೆ ತಳ್ಳುವ ಗೇಣುದ್ದದ ಕೊಳವೆ ತೆಗೆದು, ಅದಕ್ಕೆ ನೀನೇ ಕಡೆದು ಕೂರಿಸಿದ ಹಿತ್ತಾಳೆಯ ಬಾಯಿ ತೋರಿಸಿದೆ. "ಥೂ, ಇದ್ರಾಗೆ ಇಲೀನೂ ಕೂರಕಿಲ್ಲ" ಅಂದಳು. ಉಬ್ಬಸದಿಂದ ಜಗಲಿಯ ಮಂಚ ಹಿಡಿದಿದ್ದ ಅಪ್ಪ ನಕ್ಕು, "ಹಾರ್ಸು ಹೋಗ್ಲಾ, ಇಲ್ಲಿಂದ್ಲೇ ನೋಡ್ತೀನಿ" ಅಂದ.

ಎಂಥ ಬಾಣವಪ್ಪ ಅದು! ಹಳೆಯವುಗಳ ಹಾಗೆ ಬುಸುಗುಟ್ಟಿ ಒದ್ದಾಡಲಿಲ್ಲ. ಒಂದು ಸಲ ಉಸಿರೆಳೆದುಕೊಂಡಂತೆ ಮಾಡಿತು, ಎದ್ದಿತು. ಬಿಳಿ ಹೊಗೆಯ ಎಳೆ ನೆಟ್ಟಗೆ ಮೇಲಕ್ಕೆ ಹೋಯಿತು. ನೀನು ಕೈಯೆತ್ತಿ ಕುಣಿದೆ. ಅಷ್ಟರಲ್ಲಿ ಅದು ಆಕಾಶದಲ್ಲೇ ಒಡೆಯಿತು. ಆ ಸದ್ದನ್ನು ಗುಡ್ಡ ಒಂದು ಸಲ, ರೈಲುಹಳಿಯಾಚೆಯ ಬಂಡೆ ಇನ್ನೊಂದು ಸಲ ಹಿಂದಕ್ಕೆ ಎಸೆದವು. ಒಟ್ಟು ಮೂರು ಸದ್ದು.

ಪೇಟೆ ಗಾಳಿಯಲ್ಲಿ ನೀನು ಊರ ಪದ್ಧತಿ ಮರೆತಿದ್ದೆ. ನಮ್ಮಲ್ಲಿ ಮನೆಯ ಹಿರಿಯರು ಕಣ್ಣು ಮುಚ್ಚಿದರೆ ಕೆರೆ ಏರಿಯ ಮೇಲೆ ಮೂರು ಸಲ ಮದ್ದು ಸಿಡಿಸುತ್ತಾರೆ. ಸುತ್ತಲ ಊರಿನ ನಂಟರಿಗೆ ಅದೇ ತಂತಿ. ಹೋದ ಜೀವಕ್ಕೂ ಅದೇ ಸುದ್ದಿ: ನಿನ್ನದು ಮುಗಿಯಿತು, ಇನ್ನು ಹೊರಡು ಎಂದು.

ಅಪ್ಪನ ಉಬ್ಬಸದ ವಿಷಯ ಊರೂರಿಗೆ ಗೊತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಪಕ್ಕದ ಹಳ್ಳಿ ಉಲ್ಲಾಳದಿಂದ ನಮ್ಮ ಸೋದರತ್ತೆ ಅಂಜಮ್ಮ ಎದೆ ಬಡಿದುಕೊಂಡು ಬಂದಳು. ಹಿಂದೆ ಜನ, ಕೈಯಲ್ಲಿ ಹೂವಿನ ಹಾರ. ಅಪ್ಪ ಜಗಲಿಯ ಮೇಲೆ ಕೂತು ಗಂಜಿ ಕುಡಿಯುತ್ತಿದ್ದವನು ಗಾಬರಿಯಾಗಿ, "ಅಂಜೀ, ಯಾರೇ ಹೋಗಿದ್ದು?" ಅಂದ. ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದ ಅತ್ತೆ, "ನೀನೇ ಕಣಣ್ಣೋ, ನೀನೇ!" ಎಂದು ಇನ್ನೂ ಜೋರಾಗಿ ಅತ್ತಳು. ಇಡೀ ಬೀದಿ ನಕ್ಕಿತು. ಅಪ್ಪ ಕೆಮ್ಮು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ, "ಮದ್ದು ಹೊಡೆದ ಮೇಲೆ ಇರಬಾರ್ದು ಕಣ್ರಲಾ" ಅಂದ. ನೀನು ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡೆ. ಮಾರನೆಯ ವಾರವೇ ಭದ್ರಾವತಿಯ ಕಾರ್ಖಾನೆಗೆ ಕೆಲಸಕ್ಕೆಂದು ಹೊರಟುಹೋದೆ. ತಿಥಿಗೂ ಬರಲಿಲ್ಲ.

ಕಿಟ್ಟಿ, ನಿನ್ನ ಬಾಣ ಅವನನ್ನು ಕೊಲ್ಲಲಿಲ್ಲ. ಆಮೇಲೂ ಅವನು ಅವರೆಕಾಯಿ ಕಾಲವೆಲ್ಲ ಹಿತಕಿದ ಬೇಳೆಯ ಸಾರು ಕೇಳಿ ಹಾಕಿಸಿಕೊಂಡು ಉಂಡ. ಬಂದವರಿಗೆಲ್ಲ, "ನನ್ನ ಸಾವಿಗೆ ನಾನೇ ಕೂತು ನಂಟರನ್ನ ಮಾತಾಡಿಸ್ದೆ" ಎಂದು ಹೇಳಿಕೊಂಡು ಮೆರೆದ. ಕೊನೆಗೆ ಉಬ್ಬಸವೇ ಕರೆದುಕೊಂಡು ಹೋಯಿತು.

ತೊಡಕಾದದ್ದು ಆಗ. ಏರಿಯ ಮೇಲೆ ಮದ್ದು ಇಡಲು ಹೋದರೆ ಊರ ಹಿರಿಯರು ತಡೆದರು. "ನಿಮ್ಮಪ್ಪ ತಿಮ್ಮಯ್ಯಂಗೆ ಆಗ್ಲೇ ಹೊಡೆದಾಗೈತಲ್ಲಪ್ಪ. ಒಬ್ಬರಿಗೆ ಎರಡು ಸಲ ಹೊಡೆದ್ರೆ ಎರಡನೇದು ಇನ್ನೊಬ್ಬರನ್ನ ಹುಡುಕ್ಕೊಂಡು ಬತ್ತದೆ" ಎಂದರು. ಸದ್ದಿಲ್ಲದೆ ಮಣ್ಣು ಮಾಡಿದೆವು.

ಈಗ ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಕೆಮ್ಮು ಕೇಳುತ್ತದೆ. ಮೊದಲು ಗಾಳಿ ಎಂದುಕೊಂಡೆ. ಆದರೆ ಎತ್ತುಗಳು ಮೇವು ಬಿಟ್ಟು ಆ ಕಡೆ ತಿರುಗುತ್ತವೆ. ಮಂಚದ ಹಗ್ಗ ಜಗ್ಗುತ್ತದೆ. ಅವ್ವ ಉಣ್ಣುತ್ತಿದ್ದ ತಟ್ಟೆ ಬಿಟ್ಟು, "ಬಂದೆ ಇರಿ" ಎಂದು ಏಳುತ್ತಾಳೆ. ಬಿಸಿನೀರು ಕಾಯಿಸಿ ಒಯ್ದು ಮಂಚದ ಪಕ್ಕ ಇಡುತ್ತಾಳೆ. ಹೀಗೆ ಎದ್ದೆದ್ದು ಹೋಗಿ ಅವಳು ಹುಲ್ಲುಕಡ್ಡಿಯಾಗಿದ್ದಾಳೆ. ಮೊನ್ನೆ ಬೈದೆ. ಅವಳು ನನ್ನ ಮುಖ ನೋಡಿ, "ಬೈಬ್ಯಾಡ ಮುನಿಯ. ತಾನು ಸತ್ತಿರೋದು ನಿಮ್ಮಪ್ಪಂಗೆ ಯಾರೂ ಯೋಳಿಲ್ಲ. ಪಾಪ, ಯಾಕೆ ಯಾರೂ ಮಾತಾಡ್ಸಲ್ಲ ಅಂತ ಕಾಯ್ತಾ ಕುಂತವ್ನೆ" ಅಂದಳು.

ಬೇರೆ ಯಾರಿಂದಲಾದರೂ ಹೇಳಿಸೋಣ ಎಂದೆ. ಒಪ್ಪಲಿಲ್ಲ. "ಸುಳ್ಳು ಯೋಳ್ದೋನೇ ನಿಜಾನೂ ಯೋಳ್ಬೇಕು. ಕಿಟ್ಟೀನ ಕರ್ಸು. ಹಿರೀಕರು ಬ್ಯಾಡ ಅಂದಿದ್ದು ಮದ್ದು. ಅವಂದು ಮೋಟಾರಲ್ವಾ?" ಎಂದಳು. ಇಲಿಯೂ ಕೂರದ ಮೋಟಾರು ಎಂದು ಅಣಕಿಸಿದ ಬಾಯಿಯೇ.

ಆದ್ದರಿಂದ ಬಾ. ಒಡೆಯದೆ ಹಾರುವ ಮೋಟಾರು ಮಾಡುವುದು ನಿನ್ನ ಆಸೆ ಎಂದು ಬಲ್ಲೆ. ಈ ಒಂದು ಸಲ ಒಡೆಯುವಂಥದನ್ನೇ ತಾ. ಅವ್ವ ನಿನ್ನ ಜೊತೆ ಏರಿಗೆ ಬರುತ್ತಾಳಂತೆ.

ಯಾರಿಗೂ ಹೇಳದ ಮಾತೊಂದು ಉಳಿದಿದೆ. ಸಂಜೆ ಕೆಮ್ಮು ಕೇಳುವುದು ತಡವಾದರೆ ನಾನು ಕೊಟ್ಟಿಗೆಯ ಕೆಲಸ ಬಿಟ್ಟು ಕಿವಿಗೊಟ್ಟು ನಿಲ್ಲುತ್ತೇನೆ. ಕೇಳಿದ ಮೇಲೆ ಸಮಾಧಾನವಾಗುತ್ತದೆ. ಅಪ್ಪ ಹೊರಡಲಿ ಎಂದು ಈ ಕಾಗದ ಬರೆಯುವುದಕ್ಕೆ ನನಗೆ ಇಷ್ಟು ದಿನ ಬೇಕಾಯಿತು.

ನೀನು ಬಾಣಕ್ಕೆ ಕಿಡಿ ಮುಟ್ಟಿಸುವಾಗ ನಾನು ಏರಿಯ ಮೇಲೆ ಇರುವುದಿಲ್ಲ. ಜಗಲಿಯಲ್ಲಿ ಅವನ ಪಕ್ಕ ಕೂತಿರುತ್ತೇನೆ. ಅಂಥ ಸುದ್ದಿ ಕೇಳುವಾಗ ಮನುಷ್ಯ ಒಬ್ಬನೇ ಇರಬಾರದು.

ನಿನ್ನ ಕೈ ನಡುಗದಿರಲಿ, ನಿನ್ನ ಹಾದಿ ಹಸನಾಗಲಿ ಎಂದು ಹರಸುವ
ನಿನ್ನ ಮಾವ
ಮುನಿಯಪ್ಪ